ಕೆ-ವೇವ್‌ನಲ್ಲಿ ಅಲೆ 2 ಸೆಂ.ಮೀ. ಸಾಗುವಷ್ಟರಲ್ಲಿ ಒತ್ತಡ ಸೊನ್ನೆಯಾಗುತ್ತಿದೆ, ಹೀರಿಕೆ ಇಷ್ಟೊಂದು ಇರುತ್ತದೆಯೇ?

ಪ್ರಶ್ನೆ

ನಮಸ್ಕಾರ. ಯಕೃತ್ತಿನಂಥ ಮೃದು ಅಂಗಾಂಶದಲ್ಲಿ ಅಲ್ಟ್ರಾಸೌಂಡ್ ಅಲೆ ಸಾಗುವ ಬಗೆಯನ್ನು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ತಂತ್ರಾಂಶದಲ್ಲಿ ಓಡುವ, ಶಬ್ದದ ಅಲೆಗಳನ್ನು ಅನುಕರಿಸುವ ಕೆ-ವೇವ್ ಟೂಲ್‌ಬಾಕ್ಸ್ ಬಳಸಿ ಎರಡು ಆಯಾಮಗಳಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಗ್ರಿಡ್ 256×256, ಬಿಂದುಗಳ ಅಂತರ 0.1 ಮಿ.ಮೀ., ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್, ಆವರ್ತನ 3 ಮೆಗಾಹರ್ಟ್ಸ್, ಹೀರಿಕೆಯ ಗುಣಾಂಕ 0.5 (1 ಮೆಗಾಹರ್ಟ್ಸ್‌ನಲ್ಲಿ ಸೆಂಟಿಮೀಟರಿಗೆ ಇಷ್ಟು ಡೆಸಿಬಲ್), ಆವರ್ತನದೊಂದಿಗೆ ಹೀರಿಕೆ ಏರುವ ಘಾತ 1.1. ಗ್ರಿಡ್ಡಿನ ಮೊದಲ ಸಾಲನ್ನು ಇಡಿಯಾಗಿ ಮೂಲವಾಗಿಸಿ 2 ಸೆಂ.ಮೀ. ಆಚೆ ಸೆನ್ಸರ್ ಇಟ್ಟರೆ ಬಹುತೇಕ ಏನೂ ದಾಖಲಾಗುವುದಿಲ್ಲ. ಗುಣಾಂಕವನ್ನು ಅರ್ಧಕ್ಕೆ ಇಳಿಸಿದರೂ ಸ್ಥಿತಿ ಹಾಗೆಯೇ ಇದೆ.

ಉತ್ತರ 1

ಅಂಗಾಂಶದ ಮೇಲೆ ಅನುಮಾನ ಪಡುವ ಮೊದಲು ಕೈಲೆಕ್ಕವೊಂದನ್ನು ಮಾಡಿ ನೋಡಿ. ನೀವು ಕೊಟ್ಟ ಮೌಲ್ಯಗಳಿಗೆ 3 ಮೆಗಾಹರ್ಟ್ಸ್‌ನಲ್ಲಿ ಸೆಂಟಿಮೀಟರಿಗೆ ಸುಮಾರು 1.7 ಡೆಸಿಬಲ್ ನಷ್ಟವಾಗುತ್ತದೆ, 2 ಸೆಂ.ಮೀ. ದಾಟಿದ ಮೇಲೂ ಒತ್ತಡದ ಮೂರನೇ ಎರಡು ಭಾಗ ಉಳಿದಿರಬೇಕು. ಹಾಗಾದರೆ ಉಳಿದದ್ದನ್ನು ನುಂಗುತ್ತಿರುವುದು ಪಿಎಂಎಲ್, ಅಂದರೆ ಗ್ರಿಡ್ಡಿನ ಅಂಚಿನಲ್ಲಿರುವ ಹೀರುವ ಪದರ.

ಕೆ-ವೇವ್ ಅವಕಲನಗಳನ್ನು ಫೂರಿಯರ್ ರೂಪಾಂತರದ (ಅಲೆಯನ್ನು ಬೇರೆಬೇರೆ ಆವರ್ತನಗಳಾಗಿ ಬಿಡಿಸುವ ಗಣಿತ) ಮೂಲಕ ಲೆಕ್ಕ ಹಾಕುವುದರಿಂದ ಗ್ರಿಡ್ ತನ್ನಷ್ಟಕ್ಕೆ ಆವರ್ತಕವಾಗಿಬಿಡುತ್ತದೆ, ಬಲಗಡೆಯಿಂದ ಹೊರಬಿದ್ದ ಅಲೆ ಎಡಗಡೆಯಿಂದ ಮತ್ತೆ ಒಳಗೆ ಬರುತ್ತದೆ. ಅದನ್ನು ತಡೆಯಲೆಂದೇ ಈ ಪದರವಿದೆ. ಎರಡು ಆಯಾಮಗಳಲ್ಲಿ ಅದರ ದಪ್ಪ, ನೀವು ಬೇರೆ ಹೇಳದಿದ್ದರೆ, ಪ್ರತಿ ಬದಿಗೆ 20 ಬಿಂದುಗಳು, ಮತ್ತು ಅದು ನಿಮ್ಮ 256ರ ಒಳಗೇ ಕುಳಿತಿರುತ್ತದೆ. ನಿಮ್ಮ ಮೂಲ ಅದರ ಹೊಟ್ಟೆಯೊಳಗಿದೆ. ಪಿಎಂಎಲ್ ಗ್ರಿಡ್ಡಿನ ಹೊರಗೆ ಸೇರುವಂತೆ 'ಪಿಎಂಎಲ್ ಇನ್‌ಸೈಡ್' ಆಯ್ಕೆಯನ್ನು 'ಫಾಲ್ಸ್' ಮಾಡಿ.

ಉತ್ತರ 2

ಮೇಲಿನ ಸಲಹೆ ಸರಿ, ಆದರೆ ಹಾಗೆ ಮಾಡಿದರೆ ಎರಡೂ ಬದಿಯ 20 ಬಿಂದುಗಳು ಸೇರಿ ಗ್ರಿಡ್ 296 ಆಗುತ್ತದೆ, ಮತ್ತು 296 ಎಂದರೆ 8×37. ಇಂಥ ದೊಡ್ಡ ಅವಿಭಾಜ್ಯ ಅಪವರ್ತನವಿದ್ದರೆ ಎಫ್‌ಎಫ್‌ಟಿ, ಅಂದರೆ ಫೂರಿಯರ್ ರೂಪಾಂತರವನ್ನು ಬೇಗ ಲೆಕ್ಕ ಹಾಕುವ ವಿಧಾನ, ನಿಧಾನವಾಗುತ್ತದೆ. ಪದರದ ದಪ್ಪವನ್ನು 16ಕ್ಕೆ ಇಳಿಸಿದರೆ 288 ಬರುತ್ತದೆ, ಅದರಲ್ಲಿ 2 ಮತ್ತು 3 ಮಾತ್ರ ಇವೆ. ಘಾತವನ್ನು ಅಂದಾಜಿಗೆ ಎಂದು 1ಕ್ಕೆ ದುಂಡಾಗಿಸಲು ಹೋಗಬೇಡಿ. ಆಗ ಪ್ರಸರಣ ಸಮೀಕರಣದ ಟ್ಯಾಂಜೆಂಟ್ ಪದ, tan(π×ಘಾತ/2), ಅನಂತಕ್ಕೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು, ಸಿಗ್ನಲ್ ಈಗ ಕೈಲೆಕ್ಕಕ್ಕೆ ಹತ್ತಿರದಲ್ಲಿದೆ. ಇದನ್ನೇ ಮೂರು ಆಯಾಮಗಳಿಗೆ ಒಯ್ದು, ನಡುವೆ ಪಕ್ಕೆಲುಬನ್ನೂ ಇಡಬಹುದೇ?

ಉತ್ತರ 1

ಇಡಬಹುದು, ಆದರೆ 512×512×512 ಗ್ರಿಡ್ಡಿನಲ್ಲಿ ಒತ್ತಡದಂಥ ಒಂದೇ ಒಂದು ರಾಶಿಯನ್ನು ಸಿಂಗಲ್ ಪ್ರಿಸಿಷನ್‌ನಲ್ಲಿ (ಸಂಖ್ಯೆಗೆ 4 ಬೈಟ್) ಇಡಲು ಅರ್ಧ ಗಿಗಾಬೈಟ್ ಬೇಕು, ಅಂಥ ರಾಶಿಗಳು ಹತ್ತಕ್ಕೂ ಹೆಚ್ಚು. ಆದ್ದರಿಂದ ಕೆ-ವೇವ್‌ನ ಸಿ++ ಅಥವಾ ಜಿಪಿಯು ಆವೃತ್ತಿಯನ್ನು ಬಳಸಿ. ಮ್ಯಾಟ್‌ಲ್ಯಾಬ್ ಪರವಾನಗಿ ಇಲ್ಲದವರು ಪೈಥಾನ್ ಆವೃತ್ತಿಯಿಂದಲೂ ಅವನ್ನು ನಡೆಸಬಹುದು. ಮೂಳೆಯ ವಿಷಯ ಬೇರೆ: ನೀವು ಬಳಸುತ್ತಿರುವ ಮಾದರಿ ಎಲ್ಲವನ್ನೂ ದ್ರವವೆಂದೇ ಭಾವಿಸುವುದರಿಂದ ಅದರಲ್ಲಿ ಘನವಸ್ತುಗಳಲ್ಲಷ್ಟೇ ಸಾಗುವ ಅಡ್ಡ ಅಲೆಗಳು (ಶಿಯರ್ ಅಲೆಗಳು) ಹುಟ್ಟುವುದೇ ಇಲ್ಲ. ಓರೆಯಾಗಿ ಬಂದು ಪಕ್ಕೆಲುಬಿಗೆ ತಾಗುವ ಅಲೆಯನ್ನು ನಂಬಲು ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಥಿತಿಸ್ಥಾಪಕ ಮಾದರಿಯನ್ನೇ ಬಳಸಬೇಕು, ಅದನ್ನು ಮೊದಲು ಎರಡು ಆಯಾಮಗಳಲ್ಲೇ ಓಡಿಸಿ ನೋಡಿ.