ಸಹಾಯ ಬೇಕು: ರೆಂಬೆ ಸವರಲು, ಸೌದೆ ಕೊಯ್ಯಲು ಹಗುರವಾದ ಚೈನ್ ಸಾ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ಕಡೆ ಹೊಲ. ಬದುವಿನ ತುಂಬಾ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಬೇವು, ಹುಣಸೆ ರೆಂಬೆಗಳನ್ನೂ ಸವರಬೇಕು. ಮನೆಯಲ್ಲಿ ನೀರು ಕಾಯಿಸುವುದು ಸೌದೆ ಒಲೆಯಲ್ಲೇ. ಕೊಡಲಿ ಹಿಡಿಯುವ ಆಳುಗಳು ಈಗ ಸಿಗುತ್ತಿಲ್ಲ.

ಪಕ್ಕದ ಹೊಲದವರ 58 ಸಿಸಿ, 22 ಇಂಚು ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇರುವ ಮೆಷಿನ್ ತಂದು ನೋಡಿದೆ. ದಿಮ್ಮಿಗೆ ಸರಿ, ರೆಂಬೆಗೆ ತುಂಬಾ ಭಾರ. ಸ್ವಲ್ಪ ಹೊತ್ತಿಗೇ ತೋಳು ನಡುಗುತ್ತದೆ. ಮುಳ್ಳಿನ ನಡುವೆ ಅಷ್ಟು ಭಾರ ಹಿಡಿದು ನಿಲ್ಲುವುದು ಅಪಾಯ ಅಲ್ವಾ? ಒಣಗಿದ ಜಾಲಿಯಂತೂ ಕಲ್ಲಿನ ಹಾಗೆ ಗಟ್ಟಿ. ತೊಗಟೆಯಲ್ಲಿ ಮಣ್ಣು ಬೇರೆ ಇರುತ್ತದೆ, ಚೈನ್ ಬೇಗ ಮೊಂಡಾಗುತ್ತದೆ. ದುಂಡು ಅರದಲ್ಲಿ ಹಲ್ಲು ಚೂಪು ಮಾಡುವುದು ಗೊತ್ತು, ಅದಕ್ಕೆ ಚಿಂತೆಯಿಲ್ಲ.

ದಾವಣಗೆರೆ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬರು ಸ್ಟಿಲ್ ಕಂಪನಿಯ ಎಂಎಸ್ 180 ತಗೊಳ್ಳಿ ಅಂದರು. ಅದು ಸುಮಾರು 32 ಸಿಸಿ, ಬಾರ್ ಮತ್ತು ಚೈನ್ ಬಿಟ್ಟು 4 ಕೆಜಿ ಆಸುಪಾಸು. ಇನ್ನೊಬ್ಬರು ಬ್ಯಾಟರಿಯದ್ದೇ ಸಾಕು ಅಂದರು. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸುವ ತಾಪತ್ರಯ ಇಲ್ಲ, ನಿಜ. ಆದರೆ ಹೊಲದಲ್ಲಿ ಚಾರ್ಜ್ ಮುಗಿದರೆ ಏನು ಮಾಡುವುದು?

ಗೊಂದಲ ಇರುವುದು ಇಲ್ಲೇ. ಹಗುರವಾದದ್ದು ತಗೊಂಡರೆ ತೊಡೆ ದಪ್ಪದ ಒಣ ಜಾಲಿಗೆ ಇಂಜಿನ್ ಸುಮ್ನೆ ಒದ್ದಾಡಿ ಬೇಗ ಹಾಳಾಗುತ್ತದೇನೋ ಅನ್ನುವ ಭಯ.

ಜಾಲಿ ಕೊಯ್ದು ಅನುಭವ ಇರುವವರು ದಯವಿಟ್ಟು ಹೇಳಿ: 32 ಸಿಸಿ ಮೆಷಿನ್ ವರ್ಷಗಟ್ಟಲೆ ತಡೆಯುತ್ತದಾ? ಬಾರ್ 14 ಇಂಚು ಸಾಕಾ, 16 ಬೇಕಾ? ಚಿತ್ರದುರ್ಗ, ಚಳ್ಳಕೆರೆಯಲ್ಲಿ ಬಿಡಿಭಾಗ ಸುಲಭವಾಗಿ ಸಿಗುವುದು ಯಾವ ಕಂಪನಿಯದ್ದು?