ಪದಚರ್ಚೆ: ಆಂಟಿಆಕ್ಸಿಡೆಂಟ್, ಎನ್‌ಜೈಮ್ ಇನ್‌ಹಿಬಿಟರ್ – ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ನಮಸ್ಕಾರ. ಔಷಧಿ ಗಿಡಗಳ ಸಾರದ ಬಗ್ಗೆ ಒಂದು ಪೋಸ್ಟರ್ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಆಂಟಿಆಕ್ಸಿಡೆಂಟ್‌ಗೆ ‘ಉತ್ಕರ್ಷಣ ನಿರೋಧಕ’ ಅಂತ ಹಾಕಿದ್ದೆ, ಓದಿದವರೆಲ್ಲ ಮುಖ ಮುಖ ನೋಡಿದರು. ‘ಕಿಣ್ವ ನಿರೋಧಕ’ ನಡೆಯುತ್ತಾ? ವಾಕ್ಯ ಹೀಗಿದೆ: ‘ಎಲೆಯ ಮೆಥನಾಲ್ ಕಷಾಯವು ಆಲ್ಫಾ ಗ್ಲುಕೋಸಿಡೇಸ್ ಕಿಣ್ವದ ನಿರೋಧಕವಾಗಿದೆ.’ (ಕರುಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ ಅದು.)

---

> ಮೆಥನಾಲ್ ಕಷಾಯ

ಮೊದಲು ಇದನ್ನು ತೆಗೆಯಿರಿ. ಕಷಾಯ ಅಂದ್ರೆ ನೀರಲ್ಲಿ ಕುದಿಸಿ ಬತ್ತಿಸಿ ಕುಡಿಯೋದು. ಮೆಥನಾಲ್ ವಿಷ. ‘ಮೆಥನಾಲ್‌ನಲ್ಲಿ ತೆಗೆದ ಸಾರ’ ಅನ್ನಿ.

---

ಉತ್ಕರ್ಷಣ, ನಿರೋಧಕ, ಕಿಣ್ವ. ಮೂರೂ ಎರವಲು! ಕಬ್ಬಿಣ ತುಕ್ಕು ಹಿಡಿಯೋದೂ ಆಕ್ಸಿಡೇಶನ್ನೇ ಅಲ್ವಾ? ‘ತುಕ್ಕುತಡೆ’ ಅಂದರೆ ಮುಗಿಯಿತು. ಕಿಣ್ವಕ್ಕೆ ‘ಹುದುಗು’ ಇದೆ. ಮನೆಯಲ್ಲಿರೋದನ್ನು ಬಿಟ್ಟು ಸಾಲ ಯಾಕೆ?

---

> ತುಕ್ಕುತಡೆ

ಪೇಂಟ್ ಡಬ್ಬಿಗೆ ಚೆನ್ನಾಗಿದೆ. ಗಿಡದ ಪೋಸ್ಟರಿನಲ್ಲಿ ತುಕ್ಕು ಅಂದ್ರೆ ಬೆಳೆಗೆ ಬರುವ ತುಕ್ಕು ರೋಗ. ಶಿಲೀಂಧ್ರದ ಮದ್ದು ಅಂದುಕೊಳ್ತಾರೆ.

ಕಿಣ್ವದ ತಂಟೆಗಂತೂ ಬರಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಂಡ ಮಾಡುವ ಕಡೆ ಬರುವ ಹುದುಗಿನ ಹೆಸರೇ ಕಿಣ್ವ. 1877ರಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ‘ಎನ್‌ಜೈಮ್’ ಅಂತ ಹೆಸರಿಟ್ಟಾಗ ಅವನೂ ಹಿಡಿದದ್ದು ‘ಹುದುಗಿನ ಒಳಗಿರೋದು’ ಅನ್ನುವ ಗ್ರೀಕ್ ಅರ್ಥವನ್ನೇ. ಇಷ್ಟು ಚೆನ್ನಾಗಿ ಕೂತ ಪದವನ್ನು ಯಾರಾದರೂ ಕೀಳ್ತಾರಾ?

---

ಹಾಗಾದ್ರೆ ‘ಆಮ್ಲಜನಕ ತಡೆ’?

---

ಬೇಡ. ಆಕ್ಸಿಡೇಶನ್‌ಗೆ ಆಮ್ಲಜನಕ ಇರಲೇಬೇಕೆಂದಿಲ್ಲ, ಎಲೆಕ್ಟ್ರಾನ್ ಕಳೆದುಕೊಂಡರೂ ಅದೇ. ಸಾರಗಳ ಆಂಟಿಆಕ್ಸಿಡೆಂಟ್ ಗುಣ ನೋಡಲು ಸಾಮಾನ್ಯವಾಗಿ ಮಾಡುವ ಡಿಪಿಪಿಎಚ್ ಪರೀಕ್ಷೆಯನ್ನೇ ನೋಡಿ. ಡಿಪಿಪಿಎಚ್ ಅನ್ನೋ ರಾಸಾಯನಿಕದ ಗಾಢ ನೇರಳೆ ದ್ರಾವಣಕ್ಕೆ ಸಾರ ಹಾಕುತ್ತೀರಿ. ಅದರಲ್ಲಿರುವ ಫೀನಾಲ್‌ಗಳು ಹೈಡ್ರೋಜನ್ ಕೊಡುತ್ತವೆ, ನೇರಳೆ ಮಾಸಿ ಹಳದಿಯಾಗುತ್ತೆ. 517 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಬಣ್ಣ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ಇದರಲ್ಲಿ ಆಮ್ಲಜನಕಕ್ಕೆ ಏನೂ ಕೆಲಸವಿಲ್ಲ. ಸುಮ್ನೆ ಆಂಟಿಆಕ್ಸಿಡೆಂಟ್ ಅಂತಲೇ ಬರೆಯಿರಿ.

ನನ್ನ ತಕರಾರು ‘ನಿರೋಧಕ’ದ ಮೇಲೆ. ಪೂರ್ತಿ ನಿಲ್ಲಿಸಿಬಿಡುತ್ತೆ ಅನ್ನಿಸುತ್ತೆ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆಯೂ ಈ ಜಾತಿಯದೇ. ಕಿಣ್ವದಲ್ಲಿ ಪಿಷ್ಟ ಕೂರಬೇಕಾದ ಜಾಗದಲ್ಲಿ ತಾನು ಕೂತು, ಪಿಷ್ಟ ಸಕ್ಕರೆಯಾಗೋದನ್ನು ನಿಧಾನ ಮಾಡುತ್ತೆ. ಎದ್ದು ಹೋದರೆ ಕಿಣ್ವ ಮತ್ತೆ ಕೆಲಸಕ್ಕೆ. ‘ಕಿಣ್ವದ ಕೆಲಸ ತಗ್ಗಿಸುತ್ತದೆ’ ಸಾಕು, ನಾಮಪದವೇ ಬೇಡ.

---

> ಆಂಟಿಆಕ್ಸಿಡೆಂಟ್ ಅಂತಲೇ ಬರೆಯಿರಿ

ಕನ್ನಡ ಉದ್ಧಾರವಾಯಿತು.

---

‘ಆಮ್ಲಜನಕ’ ಅನ್ನುವ ಪದದಿಂದ ಮಾತ್ರ ಉದ್ಧಾರ ಆಯಿತು ಅಂದುಕೊಂಡಿರಾ? ಅದರರ್ಥ ‘ಆಮ್ಲ ಹುಟ್ಟಿಸುವುದು’. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ಅವನ ತಪ್ಪನ್ನು ಅಚ್ಚುಕಟ್ಟಾಗಿ ಅನುವಾದಿಸಿ ಇಟ್ಟುಕೊಂಡಿದ್ದೇವೆ. ಎರವಲಾದ್ರೂ ಇಷ್ಟು ಸುಳ್ಳು ಹೇಳಲ್ಲ.

---

> ಲಾವಾಸಿಯೆ

ವಿಷಯ ಬದಲಿಸಬೇಡಿ. ಬಸ್ಸು, ಪೆನ್ನು ಬಂದಾಗಲೂ ಇದೇ ಮಾತು ಹೇಳಿದ್ದರು.

---

ಬಸ್ಸು ಬಂದಿದ್ದರಿಂದ ಯಾರೂ ಬಡವಾಗಲಿಲ್ಲವಲ್ಲ!

---

ಸ್ವಾಮಿ, ಜಗಳ ನಾಳೆ ಆಡಿ. ‘ಎಲೆಯಿಂದ ಮೆಥನಾಲ್‌ನಲ್ಲಿ ತೆಗೆದ ಸಾರವು ಆಲ್ಫಾ ಗ್ಲುಕೋಸಿಡೇಸ್ ಕಿಣ್ವದ ಕೆಲಸವನ್ನು ತಗ್ಗಿಸುತ್ತದೆ’, ಹೀಗೆ ಕಳಿಸುತ್ತಿದ್ದೇನೆ. ಆಂಟಿಆಕ್ಸಿಡೆಂಟ್ ಹಾಗೇ ಇರಲಿ. ಪಟ್ಟಿಯಲ್ಲಿ ಐಸಿ50 (ಕಿಣ್ವದ ಕೆಲಸ ಅರ್ಧಕ್ಕೆ ಇಳಿಸಲು ಬೇಕಾದ ಸಾರದ ಪ್ರಮಾಣ) ಅಂತ ಒಂದು ಸಾಲಿದೆ, ಅದಕ್ಕೆ ‘ಅರ್ಧತಡೆ ಪ್ರಮಾಣ’ ಆಗಬಹುದಾ?

---

ಆಗಬಹುದು. ಕೆಳಗೆ ‘ಅಂಕಿ ಕಮ್ಮಿ ಇದ್ದಷ್ಟೂ ಸಾರ ಜಾಸ್ತಿ ಪ್ರಬಲ’ ಅಂತ ಒಂದು ಸಾಲು ಸೇರಿಸಿ. ಇಲ್ಲಾಂದ್ರೆ ಎಲ್ಲರೂ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ.