ಇಎಲ್84 ಹೆಡ್‌ಫೋನ್ ಆಂಪ್ಲಿಫೈಯರ್: 268 ವೋಲ್ಟ್ ಇರಬೇಕಾದಲ್ಲಿ 197, ವಾಲ್ವ್ ಬದಲಿಸಬೇಕೇ?

ನಾಪೋಕ್ಲುವಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಳೆದ ಮೇ ತಿಂಗಳಲ್ಲಿ ಒಂದು ವಾಲ್ವ್ (ಹಳೆಯ ರೇಡಿಯೊಗಳಲ್ಲಿನ ಗಾಜಿನ ನಿರ್ವಾತ ಕೊಳವೆ) ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದೆ. ಅಜ್ಜನ ರೇಡಿಯೊಗಳಿಂದ ಜೋಪಾನವಾಗಿ ತೆಗೆದ ಎರಡು ಇಎಲ್84 ವಾಲ್ವ್‌ಗಳನ್ನು ಟ್ರಯೋಡ್ ಆಗಿ ಜೋಡಿಸಿದ್ದೇನೆ, ಮುಂದೆ ಇಸಿಸಿ82 ಎಂಬ ಒಂದು ಸಣ್ಣ ವಾಲ್ವ್ ಇದೆ. ಕ್ಯಾಥೋಡ್ ರೆಸಿಸ್ಟರ್ ತಲಾ 270 ಓಮ್. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ 220 ವೋಲ್ಟ್, ಅದಕ್ಕೆ ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಜ್ (ಎ.ಸಿ.ಯನ್ನು ಡಿ.ಸಿ. ಮಾಡುವ ಜೋಡಣೆ), ನಂತರ 47 ಮೈಕ್ರೊಫ್ಯಾರಡ್, 150 ಓಮ್, ಮತ್ತೆ 100 ಮೈಕ್ರೊಫ್ಯಾರಡ್. ಎಲ್ಲವೂ ಟ್ಯಾಗ್ ಸ್ಟ್ರಿಪ್ ಮೇಲೆ ಬೆಸುಗೆ ಹಾಕಿದ್ದು.

ಮೇ ತಿಂಗಳಲ್ಲಿ ಎರಡನೇ ಕೆಪಾಸಿಟರ್ ಮೇಲೆ 268 ವೋಲ್ಟ್ ಇತ್ತು, ಧ್ವನಿ ಮನಸ್ಸು ತುಂಬುವಂತಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಪಾಟಿನಲ್ಲಿಟ್ಟವನು ಮತ್ತೆ ತೆಗೆದದ್ದು ಈ ಫೆಬ್ರುವರಿಯಲ್ಲಿ. ಈಗ ಅದೇ ಜಾಗದಲ್ಲಿ 197 ವೋಲ್ಟ್ ಇದೆ. ವಾಲ್ವ್‌ಗಳನ್ನು ಒಳಗಿಂದ ಕಾಯಿಸುವ ಹೀಟರ್ 5.1 ವೋಲ್ಟ್. ಧ್ವನಿ ಸೊರಗಿದೆ, ಹಾಡಿನ ಹಿಂದೆ ದಪ್ಪನೆಯ ಗುಂಯ್ ಎನ್ನುವ ಸದ್ದು. ಅಳೆದದ್ದು ಸಂಜೆ ಏಳು ಗಂಟೆಗೆ. ವಾಲ್ವ್‌ಗಳ ಆಯಸ್ಸು ಮುಗಿಯಿತೇ? ಹೊಸ ಜೋಡಿ ತರಿಸಲು ಹಣ ಕೂಡಿಸುತ್ತಿದ್ದೇನೆ. ಆದರೆ ಅಜ್ಜನ ವಾಲ್ವ್‌ಗಳನ್ನು ತೆಗೆದಿಡಲು ಮನಸ್ಸು ಬರುತ್ತಿಲ್ಲ.

ಮೈಸೂರಿನಿಂದ ಉತ್ತರ

ಹಣ ಹಾಗೆಯೇ ಇರಲಿ, ವಾಲ್ವ್‌ಗಳೂ ಅಲ್ಲಿಯೇ ಇರಲಿ. ವಾಲ್ವ್ ದಣಿದರೆ ಅದು ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಕರೆಂಟ್ ಕಡಿಮೆಯಾದರೆ ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಇಳಿದು ವೋಲ್ಟೇಜ್ ಏರಬೇಕೇ ಹೊರತು ಇಳಿಯಬಾರದು. ನಲವತ್ತು ವರ್ಷ ವಾಲ್ವ್ ರೇಡಿಯೊ ರಿಪೇರಿ ಮಾಡಿದ್ದೇನೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಒಳ್ಳೆಯ ವಾಲ್ವ್‌ಗಳು ಕಸಕ್ಕೆ ಹೋದದ್ದನ್ನು ಕಂಡು ಸಂಕಟಪಟ್ಟಿದ್ದೇನೆ.

ನೀವು ಕೊಟ್ಟ ಎರಡು ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಹೀಟರ್ ಇರಬೇಕಾದ 6.3ರಿಂದ 5.1ಕ್ಕೆ ಇಳಿದಿದೆ, ಅಂದರೆ ಶೇಕಡ 19. ಹೀಟರ್ ಸುರುಳಿಗೂ ನಿಮ್ಮ ಡಯೋಡ್‌ಗಳಿಗೂ ಸಂಬಂಧವಿಲ್ಲ, ಹಾಗಾಗಿ ಈ ಇಳಿಕೆ ಮನೆಗೆ ಬರುವ ವಿದ್ಯುತ್ತಿನದೇ ಇರಬೇಕು. ಆದರೆ ಎಚ್.ಟಿ. (ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ಡಿ.ಸಿ. ವೋಲ್ಟೇಜ್, ನಿಮ್ಮ 268) ಇಳಿದಿರುವುದು ಶೇಕಡ 26. ಮನೆಯ ವೋಲ್ಟೇಜ್ ಒಂದೇ ಕಾರಣವಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತಿದ್ದವು. ಆದ್ದರಿಂದ ಒಂದರ ಮೇಲೊಂದು ಎರಡು ದೋಷ ಕುಳಿತಿವೆ.

ಇವಿಷ್ಟನ್ನು ಅಳೆದು ತಿಳಿಸಿ: ಗೋಡೆಯ ಸಾಕೆಟ್‌ನಲ್ಲಿ ಎಷ್ಟಿದೆ, ಮೊದಲ ಕೆಪಾಸಿಟರ್ ಮೇಲೆ ಎಷ್ಟಿದೆ, ಎರಡೂ ಇಎಲ್84ಗಳ ಮೂರನೇ ಪಿನ್ನಿನಲ್ಲಿ, ಅಂದರೆ ಕ್ಯಾಥೋಡ್‌ನಲ್ಲಿ, ಎಷ್ಟಿದೆ. ಜೊತೆಗೆ ಮೊದಲ ಕೆಪಾಸಿಟರ್ ಮೇಲಿನ ರಿಪಲ್ (ಡಿ.ಸಿ.ಯಲ್ಲಿ ಉಳಿದ ಎ.ಸಿ. ಏರಿಳಿತ) ಕೂಡ ಬೇಕು. ಅದಕ್ಕೆ ಮೀಟರನ್ನು ಎ.ಸಿ.ಗೆ ತಿರುಗಿಸಿ, ಒಂದು ಕಡ್ಡಿಗೆ 0.1 ಮೈಕ್ರೊಫ್ಯಾರಡ್, 630 ವೋಲ್ಟ್‌ನ ಕೆಪಾಸಿಟರ್ ಸರಣಿಯಲ್ಲಿ ಸೇರಿಸಿ. ಅಗ್ಗದ ಮೀಟರ್‌ಗಳಲ್ಲಿ ಕೆಲವು ಡಿ.ಸಿ.ಯನ್ನೂ ಎ.ಸಿ. ಎಂದು ಓದುತ್ತವೆ. ಕಪ್ಪು ಕಡ್ಡಿಯನ್ನು ಕ್ಲಿಪ್‌ನಿಂದ ಚಾಸಿಗೆ ಕಚ್ಚಿಸಿ, ಒಂದೇ ಕೈಯಲ್ಲಿ ಅಳೆಯಿರಿ, ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಒಳಗೆ ಕೈ ಹಾಕುವ ಮೊದಲು 10 ಕೆ, 5 ವ್ಯಾಟ್‌ನ ರೆಸಿಸ್ಟರ್‌ನಿಂದ ಹತ್ತು ಸೆಕೆಂಡ್ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟಿ.

ನಾಪೋಕ್ಲುವಿನಿಂದ

ಸರ್, ನೀವು ಹೇಳಿದಂತೆಯೇ ಅಳೆದೆ. ಸಾಕೆಟ್‌ನಲ್ಲಿ 188 ವೋಲ್ಟ್! ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ. ಸುತ್ತಲಿನ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪ್‌ಗಳು ಓಡುತ್ತಿವೆ, ನಮ್ಮದು ಲೈನಿನ ಕೊನೆಯ ಮನೆ. ಅದು ಹೊಳೆಯಲೇ ಇಲ್ಲ.

ಮೊದಲ ಕೆಪಾಸಿಟರ್ 205, ಎರಡನೆಯದು 197. ಮೂರನೇ ಪಿನ್ ಎರಡರಲ್ಲೂ 6.6. ರಿಪಲ್ 6.7. ಡಯೋಡ್‌ಗಳನ್ನೂ ಪರೀಕ್ಷಿಸಿದೆ. ವಿದ್ಯುತ್ ತೆಗೆದು, ಕೆಪಾಸಿಟರ್ ಖಾಲಿ ಮಾಡಿ, ಮೀಟರಿನ ಡಯೋಡ್ ಸ್ಥಾನದಲ್ಲಿ ನೋಡಿದರೆ ನಾಲ್ಕೂ 0.55 ತೋರಿಸುತ್ತಿವೆ. ಹಾಗಾದರೆ ಬ್ರಿಜ್ ಸರಿಯಿದೆ ಅಲ್ಲವೇ?

ಮೈಸೂರಿನಿಂದ

ಬ್ರಿಜ್ ಸರಿಯಿದೆ ಎಂದು ಇನ್ನೂ ಹೇಳಲಾಗದು. ಮೊದಲು ಕರೆಂಟ್ ಲೆಕ್ಕ ಹಾಕೋಣ. 150 ಓಮ್ ಮೇಲೆ ಬಿದ್ದದ್ದು 8 ವೋಲ್ಟ್, ಅಂದರೆ 53 ಮಿಲಿಆಂಪ್. ಕ್ಯಾಥೋಡ್‌ನಿಂದ ಲೆಕ್ಕ ಹಾಕಿದರೂ 6.6 ವೋಲ್ಟ್‌ಗೆ ತಲಾ 24 ಮಿಲಿಆಂಪ್ ಮೇಲೆ, ಉಳಿದದ್ದು ಇಸಿಸಿ82ರ ಪಾಲು. ಲೆಕ್ಕ ತಾಳೆಯಾಗುತ್ತದೆ. ಆರೋಗ್ಯವಾಗಿದ್ದಾಗ ಈ ಆಂಪ್ಲಿಫೈಯರ್ ಎಳೆಯಬೇಕಾದದ್ದು ಸುಮಾರು 76 ಮಿಲಿಆಂಪ್. ಯಾವುದೋ ಕೆಪಾಸಿಟರ್ ಸೋರಿ ಗ್ರಿಡ್ (ವಾಲ್ವ್‌ನ ಕರೆಂಟ್ ನಿಯಂತ್ರಿಸುವ ಜಾಲರಿ) ಪಾಸಿಟಿವ್ ಆಗಿದ್ದರೆ ಒಂದು ಕ್ಯಾಥೋಡ್ ಮಾತ್ರ ಮೇಲೇರಿ ಕರೆಂಟ್ ಹೆಚ್ಚಾಗಬೇಕಿತ್ತು. ಇಲ್ಲಿ ಎರಡೂ ಕ್ಯಾಥೋಡ್ ಸಮನಾಗಿವೆ, ಕರೆಂಟ್ ಕಡಿಮೆಯಿದೆ, ವೋಲ್ಟೇಜೂ ಕಡಿಮೆಯಿದೆ. ದೋಷ ಆ 150 ಓಮ್‌ನ ಹಿಂದೆ, ಬ್ರಿಜ್ ಕಡೆ, ಇದೆ.

ಈಗ ರಿಪಲ್. 47 ಮೈಕ್ರೊಫ್ಯಾರಡ್, 53 ಮಿಲಿಆಂಪ್‌ಗೆ ಪೂರ್ಣ ಬ್ರಿಜ್ ಕೆಲಸ ಮಾಡುತ್ತಿದ್ದರೆ ಸೆಕೆಂಡಿಗೆ 100 ಸಲ ಕೆಪಾಸಿಟರ್ ತುಂಬಿ, ರಿಪಲ್ 3 ವೋಲ್ಟ್‌ನ ಆಸುಪಾಸಿನಲ್ಲಿರಬೇಕು. ನಿಮ್ಮದು ಅದರ ಎರಡರಷ್ಟಿದೆ. ಅಂದರೆ ಕೆಪಾಸಿಟರ್ ತುಂಬುತ್ತಿರುವುದು 50 ಸಲ ಮಾತ್ರ, ಬ್ರಿಜ್‌ನ ಅರ್ಧ ಮಲಗಿದೆ. ಆ ದಪ್ಪ ಸದ್ದು ಅದರದೇ ಎಂದು ನನಗೆ ಅನ್ನಿಸುತ್ತದೆ, ಆದರೆ ಹೀಟರ್‌ನಿಂದ ಬರುವ ಸದ್ದೂ ಸೆಕೆಂಡಿಗೆ 50 ಸಲದ್ದೇ ಆದ್ದರಿಂದ ಕಿವಿಯೊಂದನ್ನೇ ನಂಬಬೇಡಿ. ಮೊದಲ ಕೆಪಾಸಿಟರ್ ಒಣಗಿದ್ದರೂ ರಿಪಲ್ ಏರುತ್ತದೆ, ಅದು ಎರಡನೇ ಅನುಮಾನ.

ಡಯೋಡ್‌ಗಳು ನಾಲ್ಕೂ 0.55 ತೋರಿಸಿದ್ದು ಏಕೆಂದರೆ, ಸೆಕೆಂಡರಿ ಸುರುಳಿ ಇನ್ನೂ ಜೋಡಣೆಯಲ್ಲೇ ಇದೆ. ಪಾಸಿಟಿವ್ ಕಡೆಯ ಎರಡು ಡಯೋಡ್‌ಗಳು ಸುರುಳಿಯ ಮೂಲಕ ಒಂದಕ್ಕೊಂದು ಸಮಾಂತರವಾಗಿರುತ್ತವೆ, ನೆಗೆಟಿವ್ ಕಡೆಯವೂ ಹಾಗೆಯೇ. ಒಂದು ಕಡಿದಿದ್ದರೂ ಮೀಟರ್ ಸುರುಳಿಯನ್ನು ಸುತ್ತಿ ಬಂದು ಪಕ್ಕದ ಡಯೋಡ್ ಅನ್ನು ಓದುತ್ತದೆ. ಸೆಕೆಂಡರಿಯ ಒಂದು ವೈರ್ ಬಿಡಿಸಿ, ಮತ್ತೆ ಅಳೆಯಿರಿ. ಕಡ್ಡಿಯನ್ನು ಡಯೋಡಿನ ಕಾಲಿಗೆ ಇಡಬೇಡಿ, ವೈರ್ ಬಂದು ಸೇರುವ ಟ್ಯಾಗ್ ಮೇಲೆಯೇ ಇಡಿ.

ವಿರಾಜಪೇಟೆಯಿಂದ

ನಡುವೆ ಬಂದೆ, ಕ್ಷಮಿಸಿ. ಸಂಜೆ ಹೊತ್ತು ನಮ್ಮಲ್ಲೂ ಇದೇ ಗೋಳು. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯನ್ನು 190 ವೋಲ್ಟ್‌ಗೆ ಸುತ್ತಿಸಿದರೆ ಹೇಗೆ?

ಮೈಸೂರಿನಿಂದ

ದಯವಿಟ್ಟು ಬೇಡ ಸರ್. ಪಂಪ್‌ಗಳು ನಿಂತು ರಾತ್ರಿ 240 ಬಂದರೆ ಹೀಟರ್‌ಗೆ ಸುಮಾರು 8 ವೋಲ್ಟ್ ಹೋಗುತ್ತದೆ. ಒಂದು ಸ್ಟೆಬಿಲೈಜರ್ ಇಡಿ. ಹೀಟರ್ 5.7ಕ್ಕಿಂತ ಕೆಳಗಿರುವಷ್ಟು ಕಾಲ ಹಾಡು ಕೇಳದಿರುವುದೇ ಮೇಲು, ಕ್ಯಾಥೋಡ್ ಕೆಡುತ್ತದೆ.

ನಾಪೋಕ್ಲುವಿನಿಂದ

ಸರ್, ಸಿಕ್ಕಿತು! ವೈರ್ ಬಿಡಿಸಿದ ಕೂಡಲೇ ಮೂರು ಡಯೋಡ್ 0.55 ತೋರಿಸಿದವು, ನಾಲ್ಕನೆಯದು ಏನೂ ತೋರಿಸಲಿಲ್ಲ. ಕಡ್ಡಿಯನ್ನು ಅದರ ಕಾಲಿಗೇ ಇಟ್ಟರೆ ಮತ್ತೆ 0.55. ಡಯೋಡ್ ಜೀವಂತವಾಗಿದೆ, ಬೆಸುಗೆ ಸತ್ತಿದೆ.

ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಸೀಸದ ಗುಂಡಿನ ನಡುವೆ ಡಯೋಡಿನ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ, ಟ್ಯಾಗ್‌ನ ಅಂಚಿನಲ್ಲಿ ಹಸಿರು ಪುಡಿ. ಬೆಸುಗೆ ಹಾಕುವಾಗ ಡಬ್ಬಿಯ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ಲೇಪ) ಧಾರಾಳವಾಗಿ ಹಚ್ಚಿ, ಒರೆಸದೆ ಬಿಟ್ಟಿದ್ದೆ. ಕಕ್ಕಡದ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ಮಳೆಯಲ್ಲಿ ನಮ್ಮ ಕಪಾಟಿನೊಳಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆ ಫ್ಲಕ್ಸ್ ನಾಲ್ಕು ತಿಂಗಳು ತೇವ ಕುಡಿದು ತಾಮ್ರವನ್ನು ತಿಂದಿದೆ. ಹಳೆಯ ಸೀಸ ಹೀರಿ ತೆಗೆದು, ಕಾಲನ್ನು ಚಾಕುವಿನಿಂದ ಕೆರೆದು ಹೊಳಪು ಬರಿಸಿ, ರಾಳವಿರುವ ಸೀಸದಿಂದ ಹೊಸದಾಗಿ ಬೆಸುಗೆ ಹಾಕಿದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ.

ಅದೇ ಸಂಜೆ, ಅದೇ 188 ವೋಲ್ಟ್‌ನಲ್ಲಿ: ಮೊದಲ ಕೆಪಾಸಿಟರ್ 232, ಎರಡನೆಯದು 223, ಕ್ಯಾಥೋಡ್ 7.6, ರಿಪಲ್ 3.8. ಮರುದಿನ ಬೆಳಗ್ಗೆ ಸಾಕೆಟ್‌ನಲ್ಲಿ 227 ಇದ್ದಾಗ 276 ಮತ್ತು 264, ಕ್ಯಾಥೋಡ್ 9.1, ಹೀಟರ್ 6.2. ದಪ್ಪ ಸದ್ದು ಹೋಗಿದೆ. ಅಜ್ಜನ ವಾಲ್ವ್‌ಗಳಲ್ಲಿ ಮಡಿಕೇರಿ ಆಕಾಶವಾಣಿಯ ಬೆಳಗಿನ ಹಾಡು ಕೇಳುತ್ತಾ ಇದನ್ನು ಬರೆಯುತ್ತಿದ್ದೇನೆ.

ಹೊಸ ವಾಲ್ವ್‌ಗೆಂದು ಕೂಡಿಸಿದ ಹಣ ಸ್ಟೆಬಿಲೈಜರ್‌ಗೆ ಹೋಗುತ್ತದೆ. ಅದೇ ಡಬ್ಬಿಯ ಫ್ಲಕ್ಸ್ ಹಚ್ಚಿದ ಬೆಸುಗೆಗಳು ಇನ್ನೂ ಮೂವತ್ತೊಂದು ಇವೆ, ಎಣಿಸಿದೆ. ಈ ಭಾನುವಾರ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಬೆಸುಗೆ ಹಾಕುತ್ತೇನೆ. ಕೆಪಾಸಿಟರ್ ಖಾಲಿ ಮಾಡಲು 220 ಕೆ, 2 ವ್ಯಾಟ್‌ನ ರೆಸಿಸ್ಟರ್ ಒಂದನ್ನು ಖಾಯಂ ಆಗಿ ಜೋಡಿಸಿದರೆ ಸಾಕೇ ಸರ್?

ಮೈಸೂರಿನಿಂದ

ಸಾಕು. ಎರಡನೇ ಕೆಪಾಸಿಟರ್‌ಗೆ ಅಡ್ಡಲಾಗಿ ಹಾಕಿ, ಆಫ್ ಮಾಡಿ ಮೂರು ನಿಮಿಷ ಕಾಯಿರಿ. ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.